ಥೆಲ್ಮಾ ಮರೆತು ಬರುವ ತಟ್ಟೆ

ಆಸ್ಟ್ರೇಲಿಯದ ಕಡಲತಡಿಯ ಊರು ವಾರ್ನಂಬೂಲಿನಲ್ಲಿ ಬರುವ ವಾರ ಏನೇನಿದೆ ಎಂದು ತಿಳಿಯಬೇಕಾದರೆ ಥೆಲ್ಮಾ ಪ್ಲಂಕೆಟ್‌ಳನ್ನೇ ಕೇಳಬೇಕು. ಮುಳುಗಿದ ಹಡಗುಗಳ ಚರಿತ್ರೆಯಿರಲಿ, ಜಲವರ್ಣ ಚಿತ್ರಗಳ ಪ್ರದರ್ಶನವಿರಲಿ, ಶಾಲಾಮಕ್ಕಳ ಬ್ಯಾಂಡಿರಲಿ, ಪುರಭವನದ ಬಾಗಿಲು ತೆರೆಯುವ ಮೊದಲೇ ಆಕೆ ಮೆಟ್ಟಿಲ ಮೇಲೆ ಹಾಜರು. "ನಾನು ಬರದೇ ಇದ್ರೆ ಮುಂದಿನ ಸಾಲಿನ ಕುರ್ಚಿಗೆ ಬೇಜಾರಾಗುತ್ತೆ ಕಣಪ್ಪ," ಎನ್ನುತ್ತಾಳೆ. ಭಾಷಣಕಾರ ಕೆಮ್ಮಿದರೂ ಚಪ್ಪಾಳೆ ತಟ್ಟುತ್ತಾಳೆ. ಬಂದವರೆಲ್ಲ ಒಂದೊಂದು ತಟ್ಟೆ ತಿಂಡಿ ತರುವ ಊರಿನಲ್ಲಿ ಅವಳದು ಯಾವಾಗಲೂ ತೆಂಗಿನತುರಿಯಲ್ಲಿ ಹೊರಳಿಸಿದ ಲ್ಯಾಮಿಂಗ್ಟನ್ ಕೇಕು. ತಟ್ಟೆಯ ತಳಕ್ಕೆ ತನ್ನ ಹೆಸರು, ಮನೆಯ ವಿಳಾಸ ಬರೆದು ಅಂಟಿಸಿರುತ್ತಾಳೆ; ಆದರೂ ಹೊರಡುವಾಗ ತಟ್ಟೆಯನ್ನು ಮರೆಯದ ದಿನವೇ ಇಲ್ಲ. ಮರುದಿನ ಬೆಳಿಗ್ಗೆ ಮಾತ್ರ ಆ ಮರೆಗುಳಿ ಎರಡು ಕಪ್ಪು ತೊಳೆದಿಟ್ಟು, ಚಹಾಕ್ಕೆ ನೀರು ಕಾಯಿಸಿ, ಕಿಟಕಿಯ ಪರದೆ ಸರಿಸಿ, ಗೇಟಿನ ಕಡೆ ನೋಡುತ್ತ ಕೂರುತ್ತಾಳೆ. ನೀರು ಆರುತ್ತದೆ; ಮತ್ತೆ ಕಾಯಿಸುತ್ತಾಳೆ. ಮುಂದಿನ ಕಾರ್ಯಕ್ರಮದ ದಿನ ಪುರಭವನ ನೋಡಿಕೊಳ್ಳುವ ಬಾರ್ನಿ ಬಾಗಿಲಲ್ಲೇ ನಿಂತು, ಫಳಫಳ ತೊಳೆದ ತಟ್ಟೆಯನ್ನು ಹೆಮ್ಮೆಯಿಂದ ಅವಳ ಕೈಗಿಡುತ್ತಾನೆ: "ತಗೊಳ್ಳಿ ಥೆಲ್ಮಕ್ಕ, ಜೋಪಾನವಾಗಿ ಇಟ್ಟಿದ್ದೆ. ಮನೆಗೇ ತಂದ್ಕೊಡೋಣ ಅಂತಿದ್ದೆ, ಆಮೇಲೆ ಅಂದ್ಕೊಂಡೆ, ನೀವು ಹೆಂಗಿದ್ರೂ ಬಂದೇ ಬರ್ತೀರಲ್ಲ!"