ಎದ್ದು ನಿಂತ ಎಮ್ಮೆ

ನಮ್ಮ ಸೋಮವಾರಪೇಟೆ ಕಡೆ ಬೆಳಗ್ಗೆ ಫೋನು ಬಂದರೆ ಯಾರೂ ಮೊದಲು ಆರೋಗ್ಯ ವಿಚಾರಿಸುವುದಿಲ್ಲ, "ನಿಮ್ಗೆಷ್ಟು ಸೆಂಟ್ ಬಿತ್ತು?" ಎಂದೇ ಕೇಳುತ್ತಾರೆ. ದೇಶವೆಲ್ಲ ಮಿಲಿಮೀಟರಿಗೆ ಬಂದು ಎಷ್ಟೋ ಕಾಲವಾದರೂ ಕಾಫಿ ಬೆಳೆಗಾರನ ಮಳೆ ಇನ್ನೂ ಇಂಚು, ಇಂಚಿನ ನೂರರಲ್ಲೊಂದು ಪಾಲಾದ ಸೆಂಟುಗಳಲ್ಲೇ ಬೀಳುತ್ತದೆ. ಲೋಟದ ಕಾಫಿ ಆರುವುದರೊಳಗೆ ಸುತ್ತಲ ತೋಟಗಳ ಮಳೆಯನ್ನೆಲ್ಲ ಹೋಲಿಸಿ ನೋಡುತ್ತಾರೆ; ಪಕ್ಕದವನಿಗೆ ಒಂದಿಷ್ಟು ಹೆಚ್ಚು ಬಿದ್ದಿದ್ದರೆ ಅಂದಿನ ತಿಂಡಿ ರುಚಿಸುವುದಿಲ್ಲ. ಹಳೆಯ ಮಳೆಗಂತೂ ಅಳತೆಯೇ ಇಲ್ಲ. ಮದುವೆಯೂಟದ ಪಂಕ್ತಿಯಲ್ಲಿ ಸಾರು ಬಡಿಸುವಾಗ ಶುರುವಾದ ಅಜ್ಜನ ಕಾಲದ ಜಡಿಮಳೆ, ಪಾಯಸ ಬರುವ ಹೊತ್ತಿಗೆ ಸೇತುವೆಯನ್ನೇ ಮುಳುಗಿಸಿರುತ್ತದೆ.

ನನಗೂ ಅಂಥ ಮಳೆ ನೆನಪಿದೆ. ನಂಬಬೇಕೋ ಬೇಡವೋ ಗೊತ್ತಿಲ್ಲ. ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿ ಬಂದದ್ದರಿಂದ ನನಗಾದ ಒಂದೇ ಲಾಭವೆಂದರೆ, ಸ್ವಂತ ನೆನಪನ್ನೂ ಸಂತೆಯ ಮಡಕೆಯಂತೆ ತಟ್ಟಿ ನೋಡುವ ಚಾಳಿ. ಬಾಲ್ಯದಲ್ಲಿ ನಮ್ಮ ಹೊಳೆ ಎದೆಮಟ್ಟ ಹರಿಯುತ್ತಿತ್ತು ಎನ್ನುತ್ತಿರುವಾಗಲೇ, ಆಗ ನನ್ನ ಎದೆ ನೆಲದಿಂದ ಎಷ್ಟು ಎತ್ತರದಲ್ಲಿತ್ತು ಎಂಬ ಪ್ರಶ್ನೆ ಅಡ್ಡ ಬರುತ್ತದೆ.

ಆ ಹೊಳೆಯ ಮಡುವಿನಲ್ಲಿ ಒಂದು ಬಂಡೆಯಿದೆ. ನೀರಿನಲ್ಲಿ ಮಲಗಿದ ಎಮ್ಮೆಯಂತೆ ಕಾಣುವುದರಿಂದ ಅದಕ್ಕೆ ಎಮ್ಮೆಬಂಡೆಯೆಂದೇ ಹೆಸರು. ಮಡುವಿಗೆ ಪಂಪು ಇಟ್ಟು ಕಾಫಿಗೆ ನೀರು ಹಾಯಿಸುವ ನಾವು ಮೂರು ತೋಟದವರು ಹಿರಿಯರಿಂದ ಪಡೆದ ಕಟ್ಟಳೆ ಇಷ್ಟೇ: ಎಮ್ಮೆಯ ಬೆನ್ನು ಮಾತ್ರ ಕಾಣುವ ತನಕ ಸರದಿಯಂತೆ ನೀರೆತ್ತಬಹುದು, ಹೊಟ್ಟೆ ಕಂಡರೆ ಎಲ್ಲರೂ ನಿಲ್ಲಿಸಬೇಕು. ಉಳಿದ ನೀರು ಕೆಳಗಿನವರದು. ಕೆಳಗಿನವರೆಂದರೆ ಸದ್ಯಕ್ಕೆ ಸರೋಜಕ್ಕ, ಅವಳ ಹಸುಗಳು, ಮತ್ತು ಮಡುವಿನ ಒರತೆಯನ್ನೇ ನಂಬಿರುವ ಅವಳ ಬಾವಿ.

ಈ ಸಲ ಬೇಸಿಗೆಯ ಮೊದಲಲ್ಲಿ ಬಿದ್ದು ಕಾಫಿ ಮೊಗ್ಗು ಅರಳಿಸುವ ಹೂಮಳೆ ಬರಲಿಲ್ಲ. ಗಿಡದ ತುಂಬ ಮೊಗ್ಗು ನೀರಿಗಾಗಿ ಕಾದಿತ್ತು. ಪಂಪು ಇಳಿಸಲು ಹೋದರೆ ಎಮ್ಮೆಯ ಹೊಟ್ಟೆ ಆಗಲೇ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಹಾಗಂತ ಮಳೆಯೇ ಇರಲಿಲ್ಲವೆನ್ನುವಂತಿಲ್ಲ. ಹೋದ ಆಷಾಢದಲ್ಲಿ ಇದೇ ಹೊಳೆ ಮೇಲಿನ ತೋಟದ ಧರ್ಮಣ್ಣನ ಪಂಪ್‌ಹೌಸನ್ನು ಹೊತ್ತುಕೊಂಡು ಹೋಗಿತ್ತು. ಭೂಮಿ ಕಾವೇರಿದಂತೆ ಮಳೆಯ ನಡತೆಯೂ ಕೆಡುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಈಗಿನ ಮಳೆ ಹೋಮ್‌ಸ್ಟೇಗೆ ಬರುವ ಅತಿಥಿಗಳಂತೆ: ಬರುವುದು ಗುಂಪಾಗಿ, ಇರುವುದು ಎರಡು ದಿನ, ಇದ್ದಷ್ಟೂ ಹೊತ್ತು ಗದ್ದಲ, ಹೋಗುವಾಗ ಅಂಗಳದ ಮಣ್ಣೂ ಅವರ ಜೊತೆ. ಗುಡ್ಡದೊಳಗೆ ಇಳಿದು ಕುಳಿತು, ಬೇಸಿಗೆಯಲ್ಲಿ ಹನಿಹನಿಯಾಗಿ ಖರ್ಚಾಗುವ ಸಂಸಾರಸ್ಥ ಮಳೆ ಅಪರೂಪವಾಗಿದೆ. ಕಾವೇರಿ ದಡದ ದುಬಾರೆಗೆ ಹೋಗಿ ನೋಡಿ. ಬೇಸಿಗೆಯಲ್ಲಿ ನೀರಿಲ್ಲವೆಂದು ದೋಣಿ ನಿಲ್ಲಿಸಿರುತ್ತಾರೆ, ಮಳೆಗಾಲದಲ್ಲಿ ನೀರಿದೆಯೆಂದು.

ಧರ್ಮಣ್ಣನ ಕಾಫಿ ಕಣದಲ್ಲಿ ಸಭೆ ಸೇರಿತು.

"ನೀರು ಇಳ್ದಿಲ್ಲ ಕಣ್ರಪ್ಪ," ಎಂದ ಧರ್ಮಣ್ಣ. "ಗುಡ್ಡ ಜರಿದ ವರ್ಷ ಹೊಳೆ ಬಂತಲ್ಲ, ಆಗ ಅಡೀಗೆ ಕಲ್ಲು ನುಗ್ಗಿ ಬಂಡೇನ ಮೇಲಕ್ಕೆತ್ತೈತೆ. ಎಮ್ಮೆ ಎದ್ದು ನಿಂತೈತೆ, ಅಷ್ಟೇಯ."

"ಎದ್ದಿದ್ರೆ ಹಾಲು ಕರಿ ಹೋಗಣ್ಣ," ಎಂದಳು ಸರೋಜಕ್ಕ.

ಎಲ್ಲರೂ ನಕ್ಕರು. ಧರ್ಮಣ್ಣ ನನ್ನತ್ತ ತಿರುಗಿದ. "ಮಂಜು, ನೀನು ಓದ್ದೋನು. ಅಲ್ಲೇ ಈಜು ಕಲ್ತೋನು. ಆಗೆಲ್ಲ ಈ ಟೈಮಲ್ಲಿ ನೀರು ಎಲ್ಲಿಗಿತ್ತು ಹೇಳಪ್ಪ."

ನಾನು ಪ್ರಾಮಾಣಿಕವಾಗಿ ಉತ್ತರಿಸಿದೆ. ಮಗುವಿನ ಕಣ್ಣಿಗೆ ಎಲ್ಲ ನೀರೂ ಆಳವೇ. ನೆನಪೆಂಬುದು ಪ್ರತಿ ಸಲ ಹೇಳುವಾಗಲೂ ತಿದ್ದಿಕೊಳ್ಳುವ ಕಥೆ. ಬಂಡೆ ಅಲುಗಿರುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ. ಇಷ್ಟು ಸೊಗಸಾದ ಭಾಷಣವನ್ನು ನಾನು ವಿಶ್ವವಿದ್ಯಾಲಯದಲ್ಲೂ ಮಾಡಿರಲಿಲ್ಲ.

"ಕೇಳಿದ್ರಲ್ಲ? ಗ್ಯಾರಂಟಿ ಇಲ್ಲ ಅಂತ ಮಂಜೂನೇ ಹೇಳ್ದ. ಗ್ಯಾರಂಟಿ ಇಲ್ದೆ ಪಂಪು ನಿಲ್ಸೋದ್ ಹೆಂಗೆ?"

ಸಭೆ ತಲೆದೂಗಿತು. ಸರೋಜಕ್ಕ ಸೆರಗು ಕೊಡವಿ ಎದ್ದಳು. "ಅಲ್ಲ ಕಣ್ ತಮ್ಮ, ನನ್ ಹಸ ಏನು ನಿನ್ ಅನುಮಾನ ಕುಡೀತವಾ?"

ಸಂಶಯವೆಂದರೆ ತಕ್ಕಡಿಯ ಮುಳ್ಳಿನಂತೆ ಎರಡೂ ಕಡೆ ಸಮನಾಗಿ ತೂಗುವಂಥದ್ದೆಂದು ನಾನು ತಿಳಿದಿದ್ದೆ. ಅದು ನೀರಿನಂತೆ, ಯಾರ ಪೈಪು ದಪ್ಪವೋ ಅತ್ತ ಹರಿಯುತ್ತದೆ. ಹೊಟ್ಟೆ ಕಂಡಮೇಲೂ ಪಂಪು ಹಾಕಬಹುದೇ ಎಂದು ಅಲ್ಲಿ ಒಬ್ಬನಾದರೂ ಅನುಮಾನಪಟ್ಟನೇ?

ಧರ್ಮಣ್ಣನ ಸರದಿ ಮುಗಿಯಿತು, ನಡುವಿನ ತೋಟದವರದೂ ಮುಗಿಯಿತು. ನನ್ನ ಸರದಿ ಬರುವಷ್ಟರಲ್ಲಿ ಸರೋಜಕ್ಕನ ಕೊಡಪಾನಕ್ಕೆ ಕೆಸರು ಬರತೊಡಗಿತ್ತು. ನನ್ನ ಸರದಿ ಬಿಟ್ಟುಬಿಡುತ್ತೇನೆಂದು ಧರ್ಮಣ್ಣನಿಗೆ ಹೇಳಿದೆ. ಅವನಿಗೆ ನಿಜಕ್ಕೂ ಕನಿಕರವಾಯಿತು. "ವೇಸ್ಟ್ ಆಗಾದ್ ಬ್ಯಾಡ ಬಿಡು, ನಾನೇ ಹೊಡ್ಕತೀನಿ!"

ನಮ್ಮಲ್ಲಿ ತ್ಯಾಗಕ್ಕೂ ಒಂದು ಪೈಪು ಬೇಕು. ಮಡುವಿನಲ್ಲಿ ನನ್ನ ಪೈಪು ಇರುವ ತನಕ ಸರದಿ ನನ್ನದೇ. ಹಾಗಾಗಿ ಪೈಪನ್ನು ಅಲ್ಲಿ ಬಿಟ್ಟೆ; ಅದರ ಇನ್ನೊಂದು ತುದಿಯನ್ನು ಮಾತ್ರ ತೋಟಕ್ಕೆ ಏರಿಸದೆ ಸರೋಜಕ್ಕನ ತೊಟ್ಟಿಗೆ ಇಳಿಸಿದೆ. ತೊಟ್ಟಿ ತುಂಬಿದ ಮೇಲೆ ಪಂಪು ಆರಿಸಿ, ಸರದಿ ಮುಗಿಯುವವರೆಗೂ ಪೈಪು ಕಾಯುತ್ತ ಕುಳಿತೆ. ನನ್ನ ತೋಟದ ಮೊಗ್ಗು ಅಷ್ಟರಲ್ಲಿ ಕಂದಿ ಉದುರತೊಡಗಿತ್ತು. ನಾನು ಕಟ್ಟಳೆಯನ್ನು ನಂಬಿದೆನೋ ನೆನಪನ್ನೋ, ಅಥವಾ ಬರೀ ಆ ಹಸುಗಳಿಗೆ ಹೆದರಿದೆನೋ, ನನಗಿನ್ನೂ ಸ್ಪಷ್ಟವಿಲ್ಲ.

ಸರೋಜಕ್ಕ ಉಪಕಾರದ ಮಾತೇನೂ ಆಡಲಿಲ್ಲ. ಹಸುವಿನ ಬೆನ್ನು ಸವರುತ್ತ ಹೇಳಿದಳು:

"ಮುಂದ್ಲ ವರ್ಷ ಸಭೇಲಿ ಕೇಳಿದ್ರೆ, ಈ ಬಾವಿ ಬತ್ತಿತ್ತೋ ಇಲ್ವೋ ಗ್ಯಾರಂಟಿ ಇಲ್ಲ ಅಂತೀಯ ನೀನು. ಬಾ ಇಲ್ಲಿ, ಬಗ್ಗಿ ನೋಡ್ಕ ಸರಿಯಾಗಿ."

ಬಾವಿಯ ಕಟ್ಟೆ ಹಿಡಿದು ಬಗ್ಗಿದೆ. ತಳದಲ್ಲಿ ಬಿರಿಯತೊಡಗಿದ್ದ ಕೆಸರು. ಮೊದಲ ಸರದಿಯ ನೀರು ಕುಡಿದ ಧರ್ಮಣ್ಣನ ತೋಟ ಅಂದು ಬೆಳಗ್ಗೆಯಷ್ಟೇ ಬೆಳ್ಳಗೆ ಅರಳಿತ್ತು; ಆ ಹೂವಿನ ಪರಿಮಳ ಬಾವಿಯೊಳಕ್ಕೂ ಇಳಿದಿತ್ತು.