ಉಮ್ಮ್ ಫಹದ್ ಬೇಯಿಸಿದ ಹೆಬ್ಬಾತು

ರೆಕ್ಕೆಪುಕ್ಕದ ಸಮೇತ ಹಕ್ಕಿಗಳು ನನ್ನ ಸಿಂಕಿಗೆ ಬಂದು ಬೀಳುವವರೆಗೆ ನಾನು ಒಳ್ಳೆಯ ಅಡುಗೆಯವಳೆಂದೇ ತಿಳಿದುಕೊಂಡಿದ್ದೆ. ಕುವೈತಿನ ಹವಲ್ಲಿಯ ಅಂಗಡಿಗಳಲ್ಲಿ ಕೋಳಿ ಸಿಗುವುದು ಚರ್ಮ ಸುಲಿದು, ಪ್ಲಾಸ್ಟಿಕ್ ಸುತ್ತಿಕೊಂಡು. ಅದಕ್ಕೊಂದು ತಲೆಯಿತ್ತು ಎಂಬ ಯೋಚನೆಯೇ ಬರುವುದಿಲ್ಲ. ಆ ಗುರುವಾರ ಗಂಡ ತಂದ ಚೀಲದಲ್ಲಿ ಎರಡು ಕಾಡುಬಾತು, ಒಂದು ಹೆಬ್ಬಾತು. ಹೆಬ್ಬಾತಿನ ಕುತ್ತಿಗೆ ಸಿಂಕಿನ ಅಂಚಿನಿಂದ ಕೆಳಗೆ ಜೋತುಬಿದ್ದಿತ್ತು. ನಮ್ಮ ಕಾವ್ಯಗಳಲ್ಲಿ ಪ್ರೇಮಸಂದೇಶ ಹೊತ್ತು ಹಾರುವ ಹಂಸ ನಿಜಕ್ಕೂ ಹೆಬ್ಬಾತೇ ಎಂದು ಬಲ್ಲವರು ಹೇಳುವುದುಂಟು. ಕವಿಗಳಿಗೇನು, ಅವರು ಪುಕ್ಕ ಕೀಳಬೇಕಾಗಿರಲಿಲ್ಲ.

"ಇದನ್ನು ಎಂತ ಮಾಡುದು ಮಾರಾಯ್ರೆ?" ಎಂದೆ.

"ಅಬು ಫಹದ್ ಕೊಟ್ಟದ್ದು. ನಾಳೆ ಊಟಕ್ಕೆ ಬರ್ತಾರೆ. ಕೋಳಿ ಮಾಡಿದ ಹಾಗೆ ಮಾಡು, ಸಾಕು."

ಅಬು ಫಹದ್ ಮೀನಾ ಅಬ್ದುಲ್ಲಾದ ತೈಲ ಶುದ್ಧೀಕರಣ ಘಟಕದಲ್ಲಿ ನನ್ನ ಗಂಡನ ಮೇಲಿನವರು, ಕುವೈತಿ. ತಂದೆ ಮುಂಬಯಿಗೆ ಖರ್ಜೂರ ಸಾಗಿಸುತ್ತಿದ್ದವರಾದ್ದರಿಂದ ಅವರಿಗೆ ಹಿಂದಿ ಬರುತ್ತಿತ್ತು. ಪುಕ್ಕ ಕೀಳುತ್ತ ಕುಳಿತಾಗ ಗಂಡ ಉಳಿದದ್ದನ್ನು ಹೇಳಿದರು. ಅಬು ಫಹದ್ ಮತ್ತು ಅವರ ತಮ್ಮ ಖಾಲಿದ್ ಚಳಿಗಾಲ ಬಂತೆಂದರೆ ಜೊಂಡು ಬೆಳೆದ ನೀರಿನ ಬಳಿ ಬೇಟೆಗೆ ಹೋಗುತ್ತಿದ್ದರು. ಯುದ್ಧದ ಕಾಲದಲ್ಲಿ ದಂಡೆತ್ತಿ ಬಂದ ಸೈನಿಕರು ಖಾಲಿದನನ್ನು ಮನೆಯಿಂದ ಕರೆದುಕೊಂಡು ಹೋದರು. ಅವನು ಹಿಂತಿರುಗಲಿಲ್ಲ, ಸತ್ತ ಸುದ್ದಿಯೂ ಬರಲಿಲ್ಲ. ತಾಯಿಯಿಲ್ಲದ ಅವನನ್ನು ಮಗನಂತೆ ಬೆಳೆಸಿದವರು ಅತ್ತಿಗೆ, ಅಂದರೆ ಅಬು ಫಹದರ ಹೆಂಡತಿ ಉಮ್ಮ್ ಫಹದ್. ಖಾಲಿದನೇ ಹಕ್ಕಿ ತಂದುಕೊಡುವವರೆಗೆ ತನ್ನ ಒಲೆಯ ಮೇಲೆ ಬಾತು ಬೇಯುವುದಿಲ್ಲ ಎಂದು ಅವರು ಹೇಳಿಬಿಟ್ಟಿದ್ದರು. ವರ್ಷಗಳು ಕಳೆದವು. ಗೆಳೆಯರ ಒತ್ತಾಯಕ್ಕೆ ಈ ಸಲ ಅಬು ಫಹದ್ ಮತ್ತೆ ಬಂದೂಕು ಹಿಡಿದಿದ್ದರು. ಹೊಡೆದದ್ದನ್ನು ಎಸೆಯುವಂತಿಲ್ಲ, ಮನೆಗೆ ಒಯ್ಯುವಂತಿಲ್ಲ.

ಕೋಳಿಯ ಪುಕ್ಕ ಬಿಸಿನೀರು ಬಿದ್ದೊಡನೆ ಸಡಿಲವಾಗುತ್ತದೆ. ಕಾಡುಬಾತಿನದು ಹಾಗಲ್ಲ, ಒಂದು ಪದರ ಕಿತ್ತರೆ ಅಡಿಯಲ್ಲಿ ಹತ್ತಿಯಂಥ ಇನ್ನೊಂದು. ಬಚ್ಚಲಿನ ಕೊಳವೆ ಕಟ್ಟಿಕೊಂಡಿತು. ಬಾಗಿಲಲ್ಲಿ ಮಗಳು ಮೂಗು ಮುಚ್ಚಿ, "ಅಮ್ಮಾ, ಐ ಆಮ್ ನಾಟ್ ಈಟಿಂಗ್ ದಿಸ್!" ಎಂದು ಘೋಷಿಸಿ ಹೋದಳು. ಮಾಂಸ ಕಡುಗೆಂಪು, ಮೂಗಿಗೆ ಹತ್ತುವ ಕೆಸರಿನ ವಾಸನೆ. ತೊಡೆಯೊಳಗೆ ಬೆರಳಿಗೆ ಬಂದೂಕಿನ ಚರೆ ತಾಗಿದಾಗ ನನ್ನ ಉತ್ಸಾಹ ಪೂರ್ತಿ ಇಳಿಯಿತು. ಬಾತುಗಳನ್ನು ಹುಣಸೆನೀರಿನಲ್ಲಿ ನೆನೆಸಿ, ಮರುದಿನ ತೆಂಗಿನಕಾಯಿ ಹುರಿದು ಗಸಿ ಮಾಡಿದೆ. ಹೆಬ್ಬಾತಿನ ಪುಕ್ಕ ಕಿತ್ತು ತೊಳೆದದ್ದಾಗಿತ್ತು, ಆದರೆ ಬೇಯಿಸುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ. ಫ್ರಿಜ್ಜಿನಲ್ಲಿಟ್ಟೆ.

ಶುಕ್ರವಾರ ಬಾಗಿಲು ತೆರೆದರೆ ಅಬು ಫಹದ್ ತಲೆ ತಗ್ಗಿಸಿ ನಿಂತಿದ್ದರು. ಹಿಂದೆ ಕಪ್ಪು ಅಬಾಯಾದಲ್ಲಿ ಅವರ ಹೆಂಡತಿ.

"ಮಾಫ್ ಕರೋ ಭಾಯಿ," ಎಂದರು ಅಬು ಫಹದ್ ಮೆಲ್ಲಗೆ. ಕಾರಿನ ಡಿಕ್ಕಿಯಲ್ಲಿ ಉಳಿದಿದ್ದ ಪುಕ್ಕವೊಂದು ಅವರನ್ನು ಹೆಂಡತಿಗೆ ಹಿಡಿದುಕೊಟ್ಟಿತ್ತು.

ಉಮ್ಮ್ ಫಹದ್ ಯಾರತ್ತಲೂ ನೋಡದೆ ನೇರ ಅಡುಗೆಮನೆಗೆ ನಡೆದರು. ಬೈಗುಳಕ್ಕೆ ಸಿದ್ಧಳಾಗಿ ನಾನೂ ಹಿಂದೆ ಹೋದೆ.

"ವೇನ್ ಬತ್ತ್?" ಎಂದರು.

ಎಲ್ಲಿ ಬಾತು ಎಂದು ಕೇಳುತ್ತಿದ್ದಾರೆ! ಅರಬ್ಬಿಯ ಬತ್ತ್ ನಮ್ಮ ಬಾತಿಗೆ ಏನಾಗಬೇಕೋ ಭಾಷೆ ಓದಿದವರು ಹೇಳಲಿ. ನಮ್ಮಿಬ್ಬರಿಗೂ ಅರ್ಥವಾದ ಮೊದಲ ಪದ ಅದು. ಪಾತ್ರೆಯ ಮುಚ್ಚಳ ತೆಗೆದು ತೋರಿಸಿದೆ. ಗಸಿಯನ್ನು ಮೂಸಿ ಮುಚ್ಚಿದರು. ಫ್ರಿಜ್ಜು ತೆರೆದು ಹೆಬ್ಬಾತನ್ನು ಕಂಡವರು ಎರಡೂ ಕೈಯಲ್ಲಿ ಅದನ್ನು ಹೊರತೆಗೆದು ಕಟ್ಟೆಯ ಮೇಲಿಟ್ಟರು. ಆಮೇಲೆ ಕೈಚೀಲದಿಂದ ಒಂದು ಪೊಟ್ಟಣ ತೆಗೆದರು. ಒಳಗೆ ಒಣಗಿ ಕಪ್ಪಾದ ನಿಂಬೆಹಣ್ಣುಗಳು. ಜಗಳಕ್ಕೆ ಹೊರಟವರು ನಿಂಬೆ ಕಟ್ಟಿಕೊಂಡು ಬಂದಿದ್ದರು.

ಅಬಾಯಾದ ತೋಳು ಮಡಚಿ, ಈರುಳ್ಳಿ, ಚಕ್ಕೆ, ಏಲಕ್ಕಿ ಎಲ್ಲವನ್ನೂ ಸನ್ನೆಯಲ್ಲೇ ಕೇಳಿದರು. ನಾನು ಹೆಚ್ಚಿದ ಈರುಳ್ಳಿ ನೋಡಿ "ಲಾ, ಲಾ" ಎಂದು ಚಾಕು ಕಿತ್ತುಕೊಂಡರು. ಹೆಬ್ಬಾತು ಬೇಯುತ್ತಲೇ ಇತ್ತು. ನಡುವೆ ಒಮ್ಮೆ ಅವರು ಅಂಗೈಯನ್ನು ಮೊಣಕಾಲಿನ ಎತ್ತರಕ್ಕೆ ಹಿಡಿದು "ಖಾಲಿದ್" ಎಂದರು. ಬಳಿಕ ಸೊಂಟದ ಎತ್ತರಕ್ಕೆ. ಆಮೇಲೆ ತನ್ನ ತಲೆಗಿಂತ ಮೇಲಕ್ಕೆ. ನಾನು ತಲೆಯಾಡಿಸಿದೆ. ಆ ಅರಬ್ಬಿಗೆ ಅನುವಾದ ಬೇಕಿರಲಿಲ್ಲ.

ಊಟಕ್ಕೆ ಕುಳಿತಾಗ ಮಧ್ಯಾಹ್ನ ಕಳೆದು ಅಸರ್ ನಮಾಜಿನ ಬಾಂಗ್ ಆಗಿತ್ತು. ಆ ಸಾರಿನಲ್ಲೇ ಬೆಂದ ಅನ್ನದ ಮೇಲೆ ಹೆಬ್ಬಾತು. ಉಮ್ಮ್ ಫಹದ್ ಒಂದು ಕಾಲನ್ನು ಬೇರೆ ತಟ್ಟೆಗೆ ಹಾಕಿ ಮುಚ್ಚಿಟ್ಟರು. ಬೇಟೆಯ ದಿನಗಳಲ್ಲಿ ಅದು ಖಾಲಿದನ ಪಾಲಾಗಿರಬೇಕು. ಅಬು ಫಹದ್ ತಲೆ ಎತ್ತದೆ ಉಣ್ಣುತ್ತಿದ್ದರು. ಎಲ್ಲರದೂ ಮುಗಿಯುತ್ತ ಬಂದಾಗ ಆಕೆ ಆ ತಟ್ಟೆಯ ಮುಚ್ಚಳ ತೆಗೆದರು. ಮಾಂಸವನ್ನು ಎರಡು ಪಾಲು ಮಾಡಿ ಒಂದನ್ನು ಗಂಡನ ಮುಂದಿಟ್ಟರು, ಇನ್ನೊಂದನ್ನು ತಾನೇ ತಿಂದರು.

"ಖಲಾಸ್," ಎಂದರು.

ಮುಗಿಯಿತು. ಗ್ಯಾಸ್ ಸಿಲಿಂಡರು ಖಾಲಿಯಾದರೂ, ಕೆಲಸ ಹೋದರೂ ಇಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಅಷ್ಟು ಮೆಲ್ಲಗೆ ಯಾರೂ ಅದನ್ನು ಹೇಳಿದ್ದು ನಾನು ಕೇಳಿರಲಿಲ್ಲ. ಅಬು ಫಹದ್ ಮಾತ್ರ ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತರು.

ಅವರು ಬಂದು ಕುಳಿತ ಮೇಲೆ ಉಮ್ಮ್ ಫಹದ್, ತಾನು ಅದುವರೆಗೆ ಮುಟ್ಟಿರದ ನನ್ನ ಗಸಿಯತ್ತ ತಟ್ಟೆ ಚಾಚಿದರು. ಬಡಿಸಿದೆ. ಒಂದು ತುತ್ತು ತಿಂದು, ಗಂಡನಿಗೆ ಏನೋ ಅಂದರು.

"ಬೋಲ್ತಾ ಹೈ, ನಮಕ್ ನಹೀ," ಎಂದರು ಅಬು ಫಹದ್, ಸಂಕೋಚದಿಂದ.

ನಿಜವೇ! ಗಡಿಬಿಡಿಯಲ್ಲಿ ಉಪ್ಪು ಹಾಕುವುದನ್ನೇ ಮರೆತಿದ್ದೆ. ಗಂಡಸರಿಬ್ಬರೂ ಬಟ್ಟಲುಗಟ್ಟಲೆ ಅದನ್ನೇ ಉಂಡಿದ್ದರು, ಒಬ್ಬರೂ ತುಟಿ ಬಿಚ್ಚಿರಲಿಲ್ಲ. ದುಃಖದ ಮನೆಯಲ್ಲಿ ಉಪ್ಪಿನ ಮಾತು ಎತ್ತುವುದು ಹೇಗೆಂದು ನಾವೆಲ್ಲ ಸುಮ್ಮನಿರುತ್ತೇವೆ. ಆ ಮಾತು ಎತ್ತುವ ಹಕ್ಕು ಅವರೊಬ್ಬರಿಗೇ ಇತ್ತು, ಎತ್ತಿದರು. ನಾನು ಉಪ್ಪಿನ ಡಬ್ಬಿ ತರಲು ಓಡಿದೆ.