ಸಮುದ್ರದ ಊರಿಗೆ ಹೊರಟು ನಿಂತವರು

ಯುದ್ಧದ ಕಾಲದಲ್ಲಿ, ಕಬ್ಬಿಣ ಬೇಕೆಂದು ಸರ್ಕಾರದವರು ಹೊಸೂರಿನ ಚಿಕ್ಕ ರೈಲಿನ ಹಳಿ ಕಿತ್ತರು. ನನ್ನ ಯಜಮಾನರು ಆ ರೈಲಿನಲ್ಲೇ ಕೆಲಸಕ್ಕಿದ್ದವರು. ಹಳಿಯೇ ಹೋದ ಮೇಲೆ ಅವರನ್ನು ಕಡಲೂರಿನ ಸ್ಟೇಷನ್ನಿಗೆ ಹಾಕಿದರು. ನಾನು ಕೈಗೂಸಾಗಿದ್ದ ಮಗಳೊಂದಿಗೆ ನಮ್ಮೂರು ಉದ್ದನಪಲ್ಲಿಯಲ್ಲೇ ಉಳಿದೆ. ಅತ್ತೆ ಮಾವ ಆಗಲೇ ತೀರಿಕೊಂಡಿದ್ದರು. ಎರಡು ತುಂಡು ರಾಗಿ ಹೊಲ, ಒಂದು ಎಮ್ಮೆ, ಹಳೇ ಹಂಚಿನ ಮನೆ, ಇಷ್ಟನ್ನೂ ನಾನೇ ನೋಡಿಕೊಂಡೆ.

ಯುದ್ಧ ಮುಗಿದ ಮೇಲೆ ಅವರು ಬೆನ್ನಿಗೆ ಪೆಟ್ಟು ಮಾಡಿಕೊಂಡು, ಕೆಲಸ ಬಿಟ್ಟು ಬಂದರು. ಬಂದವರು ಮೊದಲ ದಿನ ಜಗುಲಿಯ ಮೇಲೆ ಕೂತು ಸುತ್ತಲ ಬಂಡೆಗುಡ್ಡಗಳನ್ನು ನೋಡಿ, "ಇಲ್ಲಿ ಉಸ್ರೇ ಆಡಲ್ಲ ಕಣೆ" ಅಂದರು. "ಹೊಲ ಮಾರ್ಬುಟ್ಟು ಸಮುದ್ರದ ಪಕ್ಕ ಯಾವ್ದಾದ್ರೂ ಒಳ್ಳೇ ಊರ್ನಾಗೆ ಇರಾಣ. ಸ್ಟೇಷನ್ ಮುಂದೆ ಒಂದು ಪೆಟ್ಟಿಗೆ ಅಂಗಡಿ ಇಕ್ಕಂಡ್ರೆ ಸಾಕು."

ನಾನು ಸಮುದ್ರ ನೋಡಿದವಳಲ್ಲ. ನನಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಆಸೆಯಾಯಿತು.

ಊರು ಆರಿಸಲು ಅವರು ನಮ್ಮಿಬ್ಬರನ್ನೂ ಕರೆದುಕೊಂಡು ಹೊರಟರು. ರಾಯಕೋಟೆಗೆ ಗಾಡಿ, ಅಲ್ಲಿಂದ ಇದ್ದಿಲು ಹಾಕಿ ಓಡಿಸುವ ಬಸ್ಸು, ಸೇಲಂನಿಂದ ರೈಲು. ಕಡಲೂರಿನಲ್ಲಿ ಇಳಿದು, ಸೀರೆ ಎತ್ತಿ ಹಿಡಿದು ಮರಳಿನ ಮೇಲೆ ಅಲೆಯ ಅಂಚಿನವರೆಗೂ ಹೋದೆ. ಮಗಳು ನೊರೆ ಹಿಡಿಯಲು ಓಡಿದಳು. ಹತ್ತಿರದಲ್ಲೇ ಒಂದು ಬೀದಿ, ಎಲ್ಲ ಮನೆಗಳಿಗೂ ಮುಂದೆ ಕೂತುಕೊಳ್ಳುವ ತಿಣ್ಣೆ, ಹಿಂದೆ ತೆಂಗು. ಒಂದು ಮನೆ ಬಾಡಿಗೆಗೆ ಖಾಲಿಯಿತ್ತು. ಆ ಮನೆಯೊಡತಿ ನನ್ನ ತಮಿಳು ಕೇಳಿ ನಕ್ಕು, ನೀರು ಕೊಟ್ಟು, ಒಳಗೆ ಕರೆದು ಅಡಿಗೆಮನೆ ತೋರಿಸಿದಳು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುತ್ತಿತ್ತು.

"ಇಲ್ಲೇ ಇರಾಣ" ಅಂದೆ.

"ಬಾವಿ ನೀರು ಉಪ್ಪು. ನೋಡ್ದಾ? ಪರಂಗಿಪೇಟೆ ನೋಡಾಣ."

ಪರಂಗಿಪೇಟೆಯಲ್ಲಿ ಮೀನಿನ ವಾಸನೆ ಜಾಸ್ತಿ ಅಂದರು. ನಾಗಪಟ್ಟಣದಲ್ಲಿ ಬಿರುಗಾಳಿ ಬಂದರೆ ಮನೆ ಉಳಿಯೋಲ್ಲ ಅಂದರು. ಪಾಂಡಿಚೇರಿ ಬೆಳ್ಳಗಿದೆ, ಚೆಂದ, ಆದರೆ ಫ್ರೆಂಚರ ರಾಜ್ಯ, ನಮಗೇಕೆ ಅಂದರು. ಹೊರಟ ಹಾಗೇ ವಾಪಸು ಬಂದೆವು.

ನನಗೆ ಅದು ತಮಾಷೆಯಾಗಿಯೇ ಕಂಡಿತು. ಮನೆ ಬದಲಾಯಿಸುವಾಗ ಗಂಡಸರು ನೂರು ಲೆಕ್ಕ ನೋಡುತ್ತಾರೆ, ಸಂಕ್ರಾಂತಿಯ ಹೊತ್ತಿಗೆ ಹೋಗಿರುತ್ತೇವೆ ಅಂದುಕೊಂಡೆ. ಎಮ್ಮೆಯನ್ನು ಬೇರಿಕೆ ಊರಿನ ಸಂತೆಯಲ್ಲಿ ಮಾರಿದರು, ಹೋಗುವವರಿಗೆ ಎಮ್ಮೆ ಯಾಕೆ ಅಂತ. ಅಗಲವಾದ ಒಲೆ ಕಟ್ಟಿಸಬೇಕೆಂದಿದ್ದೆ, ಬೇಡವೆಂದರು. ಮಳೆಗಾಲದಲ್ಲಿ ಅಡಿಗೆಮನೆ ಸೋರಿತು. ಪಾತ್ರೆ ಇಟ್ಟು ನೀರು ಹಿಡಿದೆ.

"ಬಿಟ್ಟೋಗೋ ಮನೆಗೆ ಯಾವನಾದ್ರೂ ಹಂಚು ಹೊದಿಸ್ತಾನಾ?" ಅಂದರು.

ಮಗಳ ಓರಗೆಯ ಮಕ್ಕಳು ಶಾಲೆಗೆ ಹೋದರು. "ಅಲ್ಲೋಗಿ ಸೇರ್ಸಾಣ, ಇಲ್ಲಿ ಸೇರ್ಸಿ ಬಿಡಿಸೋದ್ಯಾಕೆ" ಅಂದರು. ಸಂಕ್ರಾಂತಿ ಬಂತು, ಯುಗಾದಿ ಬಂತು, ಇನ್ನೊಂದು ಸಂಕ್ರಾಂತಿಯೂ ಬಂತು. ಅವರು ಪ್ರತಿ ಸಂತೆಯಲ್ಲೂ ಪೂರ್ವದ ಕಡೆಯಿಂದ ಬಂದ ಉಪ್ಪಿನ ವ್ಯಾಪಾರಿಗಳನ್ನು ಹಿಡಿದು ನಿಲ್ಲಿಸಿ, ಆ ಊರು ಹೇಗೆ, ಈ ಊರು ಹೇಗೆ ಅಂತ ವಿಚಾರಿಸುತ್ತಿದ್ದರು. ಮನೆಗೆ ಬಂದು ಹೊಸ ಊರಿನ ಹೆಸರು ಹೇಳುತ್ತಿದ್ದರು. ಮುಂದಿನ ಸಂತೆಗೆ ಆ ಊರಿಗೂ ಒಂದು ಕೊರತೆ ಸಿಕ್ಕಿರುತ್ತಿತ್ತು.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕೊಂದದ್ದು ಮುಯ್ಯಾಳು ನಿಂತುಹೋದದ್ದು. ನಮ್ಮೂರಲ್ಲಿ ಕಳೆ ಕೀಳಲು ಕೂಲಿ ಕೊಡುವ ರೂಢಿಯಿರಲಿಲ್ಲ. ಇವತ್ತು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಆ ವರ್ಷ ನನ್ನನ್ನು ಯಾರೂ ಕರೆಯಲಿಲ್ಲ. ಪಕ್ಕದ ಮನೆಯ ಅಕ್ಕನನ್ನು ಕೇಳಿದರೆ, "ಹೋಗೋರು ನೀವು. ನಿಮ್ಮತ್ರ ಮುಯ್ಯಿ ಮಾಡಿಸ್ಕಂಡು ನಾವು ಎಲ್ಲಿ ತೀರ್ಸಾಣ ತಾಯಿ?" ಅಂದಳು. ಕೆಟ್ಟ ಮನಸ್ಸಿನಿಂದಲ್ಲ. ನಮ್ಮ ರಾಗಿಯಲ್ಲಿ ನಾನೊಬ್ಬಳೇ ಬಗ್ಗಿ ಕಳೆ ಕಿತ್ತೆ. ಬದುವಿನಾಚೆ ಹೆಂಗಸರು ಹಾಡುತ್ತ ಸಾಲು ಹಿಡಿದು ಹೋಗುತ್ತಿದ್ದರು. ನಾನು ಸಮುದ್ರದ ಊರಿಗೆ ಸೇರಿದವಳಲ್ಲ, ಇಲ್ಲಿ ಉಳಿದವಳೂ ಅಲ್ಲ.

ಒಂದು ಮಧ್ಯಾಹ್ನ ಉಣ್ಣುತ್ತ ಕೂತವರು, "ತರಂಗಂಬಾಡಿ ಚೆನ್ನಾಗಿದ್ಯಂತೆ ಕಣೆ" ಅಂದರು.

ನಾನು ಮುದ್ದೆ ಇಕ್ಕುವುದನ್ನು ನಿಲ್ಲಿಸಿದೆ. "ಅದೇ ಆಗ್ಲಿ. ನಾಳೆ ಹೋಗಾಣ. ಬಟ್ಟೆ ಗಂಟು ಕಟ್ತೀನಿ."

"ನಾಳೇನಾ? ಒಂದ್ಸಲ ನೋಡ್ಕಂಡು..."

"ನೋಡೋದು ಬ್ಯಾಡ. ಉಪ್ಪು ನೀರಾದ್ರೂ ಕುಡೀತೀನಿ. ಗಾಳಿ ಬಂದ್ರೆ ಹಾರ್ಕಂಡೋಗ್ತೀನಿ. ಒಂದೂರು ಹೇಳಿ. ಯಾವ್ದಾದ್ರೂ ಸರಿ."

ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ನನ್ನ ಕಡೆ ನೋಡದೆ ಹೇಳಿದರು: "ಅಲ್ಲೋದ್ಮೇಲೂ ಹಿಂಗೇ ಅನ್ನಿಸ್ಬುಟ್ರೆ? ಆಮ್ಯಾಕೆ ಎಲ್ಲಿಗೋಗಾಣ ಹೇಳು?"

ಕೋಪ ಉಕ್ಕಿ ಬಂದದ್ದು ಅಲ್ಲೇ ಇಳಿದುಹೋಯಿತು. ಬೆನ್ನು ಮುರಿದುಕೊಂಡು ಬಂದ ಮನುಷ್ಯ ಇಷ್ಟು ದಿನ ಉಸಿರು ಹಿಡಿದಿದ್ದುದು ಆ ಊರುಗಳ ಆಸೆಯ ಮೇಲೆ. ಯಾವುದನ್ನು ಆರಿಸಿದರೂ ಉಳಿದವೆಲ್ಲ ಹೋಗಿಬಿಡುತ್ತಿದ್ದವು. ಅದು ನನಗೆ ಅರ್ಥವಾಯಿತು. ಆದರೆ ಅವರ ಆ ಹೆದರಿಕೆಯೊಳಗೆ ನನ್ನನ್ನೂ ಮಗಳನ್ನೂ ಕೂಡಿಹಾಕಿದ್ದನ್ನು ಕ್ಷಮಿಸಲು ಆ ಹೊತ್ತಿಗೆ ಆಗಲಿಲ್ಲ. ನನಗಂತೂ ಆ ತಿಣ್ಣೆಯ ಮನೆ ನಿಜವಾಗಿ ಬೇಕಾಗಿತ್ತು.

ಮರುದಿನ ಮಗಳಿಗೆ ತಲೆ ಬಾಚಿ ಶಾಲೆಗೆ ಕರೆದುಕೊಂಡು ಹೋದೆ. ಮೇಷ್ಟ್ರು ಇಷ್ಟು ತಡವಾಗಿ ಯಾಕೆ ಅಂತ ಕೇಳಿದರು. ಊರಲ್ಲಿರಲಿಲ್ಲ ಅಂದೆ. ಅಲ್ಲಿಂದ ನೇರ ಪಕ್ಕದ ಮನೆಗೆ ಹೋಗಿ, "ನಾಳೆ ನಿಮ್ಮ ಹೊಲಕ್ಕೆ ಬತ್ತೀನಿ ಅಕ್ಕ" ಅಂದೆ.

"ಹೋಗಲ್ವಾ ನೀವು?"

"ಇಲ್ಲ."

ಆ ಮಾತು ಆಡಿದಾಗ ಹಿಂದೆ ಯಾರೋ ಬಾಗಿಲು ಹಾಕಿ ಅಗಳಿ ಎಳೆದಂತಾಯಿತು. ಅಕ್ಕ ಮತ್ತೇನೂ ಕೇಳದೆ, ಬೆಳಿಗ್ಗೆ ಬೇಗ ಬಾ ಅಂದಳು.

ನಮ್ಮ ಹೊಲಕ್ಕೆ ಹೆಂಗಸರು ಬಂದ ದಿನ, ಯಜಮಾನರು ಬೆನ್ನು ಹಿಡಿದುಕೊಂಡೇ ಅಂಬಲಿಯ ಗಡಿಗೆ ಹೊತ್ತು ಬದುವಿನವರೆಗೂ ಬಂದರು. ಆಮೇಲೆ ಅವರು ಯಾವ ಊರಿನ ಹೆಸರನ್ನೂ ಎತ್ತಲಿಲ್ಲ. ಸಂತೆಗೆ ಹೋದರೆ ಬೇಕಾದ್ದು ತಂದು ಬೇಗ ಬಂದುಬಿಡುತ್ತಿದ್ದರು. ಮನೆಯೊಳಗಿನ ಆ ಮೌನಕ್ಕೆ ಒಗ್ಗಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು.